ಹೊಸ ಹುಲ್ಲುಹಾಸು

ಬಸ್ ಡ್ರೈವರಾಗಿ ನಿವೃತ್ತನಾದ ಮೇಲೆ ಅಪ್ಪ ಮನೆ ಮುಂದಿನ ಕಲ್ಲುಮಣ್ಣನ್ನೆಲ್ಲ ತಾನೇ ಅಗೆದು ತೆಗೆದು, ಗೊಬ್ಬರ ಬೆರೆಸಿ, ಹುಲ್ಲುಹಾಸು ತಂದು ಹೊದಿಸಿದ. ಬೇರು ಹಿಡಿಯುವವರೆಗೆ ಯಾರೂ ತುಳಿಯಬಾರದೆಂದು ಸುತ್ತ ಹಗ್ಗ ಕಟ್ಟಿದ. ‘ಈ ಮನೇಲಿ ಹುಲ್ಲಿಗಿರೋ ಮರ್ಯಾದೆ ನನಗಿಲ್ಲ’ ಎಂದು ಅಮ್ಮ ನಗುತ್ತಿದ್ದಳು.

ಒಂದು ಮಧ್ಯಾಹ್ನ ಅಮ್ಮ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದಳು. ಆಂಬುಲೆನ್ಸಿನವರು ಅವಳನ್ನು ಸ್ಟ್ರೆಚರಿನಲ್ಲಿ ಹೊತ್ತು, ಹಗ್ಗ ದಾಟಿ ನೇರವಾಗಿ ಗೇಟಿನ ಕಡೆ ಹೊರಟರು. ಅಪ್ಪ ಕೂಗಿಕೊಂಡ: ‘ಅಲ್ಲಿ ಬೇಡ, ಈ ಕಡೆಯಿಂದ ಬನ್ನಿ! ಇನ್ನೂ ಬೇರು ಹಿಡಿದಿಲ್ಲ!’

ಅವರು ತಬ್ಬಿಬ್ಬಾಗಿ ಹಿಂದೆ ಸರಿದು, ಗೋಡೆ ಬದಿಯ ಕಿರಿದಾದ ದಾರಿ ಹಿಡಿದರು. ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು. ಅಮ್ಮನ ಕೈ ನನ್ನ ಕೈಯಲ್ಲಿತ್ತು. ಅವಳಿಗೂ ಆ ಮಾತು ಕೇಳಿಸಿತ್ತು.

ಆಸ್ಪತ್ರೆ ತಲುಪುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು. ಸ್ವಲ್ಪ ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ನಾನು ನಂಬಿದೆ. ಆದರೂ ಅಪ್ಪನ ಮುಖ ನೋಡಲಾಗಲಿಲ್ಲ.

‘ನಾನು ಯಾಕೆ ಹಾಗಂದೆ, ಮಗಳೇ?’ ಎಂದು ಅವನು ಕೇಳಿದ.

‘ನನ್ನನ್ನ ಕೇಳಬೇಡಪ್ಪ.’

ಈಗ ಹುಲ್ಲು ಸೊಂಪಾಗಿ ಬೆಳೆದಿದೆ. ಅಪ್ಪ ದಿನವೂ ನೀರು ಹಾಕುತ್ತಾನೆ. ಅದನ್ನು ಬಿಟ್ಟರೆ ಬೇರೇನು ಮಾಡಬೇಕೆಂದು ಅವನಿಗೆ ತೋಚುವುದಿಲ್ಲ. ನಾನು ಹಿತ್ತಿಲ ಬಾಗಿಲಿನಿಂದಲೇ ಓಡಾಡುತ್ತೇನೆ.