ಹಸಿರಿನೊಳಗಿನ ನೀಲಿ

ರತನನ ಉತ್ತರಕ್ರಿಯೆಯ ಬೊಜ್ಜದ ದಿನ ಕಾಗೆಗಳು ಎಡೆ ಮುಟ್ಟಲಿಲ್ಲ. ಬಾಳೆಲೆಯಲ್ಲಿ ಅನ್ನ, ಅವನಿಗಿಷ್ಟದ ಬಂಗುಡೆ ಸಾರು ಎಲ್ಲ ಇತ್ತು. ದಿನಾ ಅಡುಗೆಮನೆಗೇ ನುಗ್ಗಿ ಮೀನು ಕದಿಯುವ ಮರವಂತೆಯ ಕಾಗೆಗಳು ಅಂದು ಮಹಾ ಸಂಭಾವಿತರಂತೆ ತೆಂಗಿನ ಗರಿಯ ಮೇಲೆ ಕೂತು ನೋಡುತ್ತಿದ್ದವು.

"ಮಾಣಿಗೆ ಎಂತದೋ ಆಸೆ ಉಳ್ದಿತ್ತ್," ಎಂದರು ದೊಡ್ಡಪ್ಪ ದುಗ್ಗಪ್ಪ.

ತಂಗಿ ಚಂದನಾಳಿಗೆ ಆ ಆಸೆ ಗೊತ್ತಿತ್ತು. ದೋಣಿ ಮಗುಚಿ ಅಣ್ಣ ಹೋದಂದಿನಿಂದ ಅವಳು ಅತ್ತಿರಲಿಲ್ಲ, ಒಳಗೆಲ್ಲ ಮರಗಟ್ಟಿಹೋಗಿತ್ತು. ಜಗಲಿಯ ಪಂಜರದಲ್ಲಿದ್ದ ಅವನ ಲವ್‌ಬರ್ಡ್ಸ್ ಜೋಡಿಗೆ ನವಣೆ ಹಾಕುವುದು, ನೀರು ಬದಲಿಸುವುದು, ಇಷ್ಟೇ ಅವಳ ದಿನ. ಎರಡೂ ಹಸಿರು ಹಕ್ಕಿ. ಮಾಡಿದ ಮರಿಗಳೆಲ್ಲ ಹಸಿರೇ. ರತನ್ ಮಾತ್ರ, "ಕಾಣ್, ಎರಡ್ರ ಒಳ್ಗೂ ನೀಲಿ ಅಡ್ಗಿ ಕೂತಿತ್ತ್. ಅಪ್ಪನ ನೀಲಿ, ಅಬ್ಬಿ ನೀಲಿ ಎರಡೂ ಒಂದೇ ಮರಿಗ್ ಸಿಕ್ರೆ ಸೈ, ನೀಲಿ ಮರಿ ಬತ್ತ್," ಎನ್ನುತ್ತ ಪ್ರತಿ ಸಲ ಗೂಡಿನ ಮಡಕೆಯೊಳಗೆ ಇಣುಕುತ್ತಿದ್ದ. ಅವನು ಹೋದ ಮೇಲೆ ಅಲ್ಲಿ ಇಣುಕಿದವರಿಲ್ಲ.

"ಅವ್ನಿಗೆ ನೀಲಿ ಮರಿ ಕಾಣ್ಕ್ ಅಂತ ಇದ್ದಿತ್," ಎಂದಳು ಚಂದನಾ, ಸಣ್ಣಗೆ.

ದುಗ್ಗಪ್ಪ ಗದರಿದರು. "ಹಸ್ರಿಗೆ ನೀಲಿ ಹುಟ್ಟುದ್ ಎಲ್ಲಾರೂ ಇತ್ತಾ? ಅವ್ನ ಹಕ್ಕಿ ಕೂಡಿ ಹಾಕಿರೆ ಅವ್ನ ಜೀವಕ್ಕೆ ಬಿಡ್ಗಡೆ ಹೆಂಗೆ? ಬಿಡ್ ಅದನ್ನ್, ಜಲಜ."

ಅಮ್ಮ ಜಲಜ ಪಂಜರದ ಬಾಗಿಲು ತೆಗೆದಳು. ಹೊರಗೆ ನಾವೇ ಕಾಗೆಗಳನ್ನು ಕರೆದು ಕೂರಿಸಿದ್ದೇವೆ ಎಂಬುದು ಆ ದೊಡ್ಡ ತಲೆಗಳಿಗೆ ಹೊಳೆಯಲಿಲ್ಲ. ಚಂದನಾಳಿಗೆ ಹೊಳೆದಿತ್ತು. ನಾಲಗೆ ಏಳಲಿಲ್ಲ. ಹಕ್ಕಿಗಳು ಮನೆ ಮುಂದಿನ ಹೆದ್ದಾರಿ ದಾಟುವ ಮೊದಲೇ ಕಾಗೆಗಳು ಮುತ್ತಿದವು; ಅಂಗಳಕ್ಕೆ ಹಸಿರು ಗರಿಗಳು ಇಳಿದು ಬಂದವು. ಆಮೇಲೆ ಕಾಗೆಗಳು ಎಡೆಯನ್ನೂ ತಿಂದವು. "ಮುಟ್ಟಿತ್," ಎಂದು ಎಲ್ಲರೂ ಕೈಮುಗಿದು ಊಟಕ್ಕೆ ಕೂತರು.

ಸಂಜೆ ಗೂಡಿನ ಮಡಕೆ ತೊಳೆಯಲು ಹೋದರೆ ಒಳಗೆ ಮರಿಯೊಂದು ಮಿಸುಕಿತು. ಕಣ್ಣು ಬಿಟ್ಟಿತ್ತು, ಗರಿ ಮೂಡಿರಲಿಲ್ಲ. ಚಂದನಾ ಸಿರಿಂಜಿನಲ್ಲಿ ರಾಗಿ ಗಂಜಿ ಕುಡಿಸಿದಳು. ಮರುದಿನವೂ ಕುಡಿಸಿದಳು. ಪ್ರೀತಿಯಿಂದೇನಲ್ಲ, ಕೈಗೆ ಅಭ್ಯಾಸವಾಗಿತ್ತು.

ಗರಿ ಬಲಿತಂತೆ ಮರಿ ನೀಲಿಯಾಯಿತು.

ಅದನ್ನು ಅಂಗೈಯಲ್ಲಿಟ್ಟು ಅಮ್ಮನಿಗೆ ತೋರಿಸಿದಳು. ಜಲಜ ತುಂಬ ಹೊತ್ತು ನೋಡಿದಳು. ಮೀನು ಹೆರೆದ ಕೈಯನ್ನು ಸೆರಗಿಗೆ ಒರೆಸಿ, ಮುಟ್ಟಲು ಹೋಗಿ, ಹಿಂದೆ ತೆಗೆದಳು.

"ಅವ ಹೇಳಿದ್ದ್ ಹೌದೇ ಆಯ್ತಲೇ, ಹೆಣ್ಣೇ."

ಚಂದನಾಳಿಗೆ ಅಳಬೇಕೆನಿಸಿತು. ಅಳು ಬರಲಿಲ್ಲ. ಮರಿಯನ್ನು ಪಂಜರದೊಳಗೆ ಬಿಟ್ಟಳು.

"ಬಾಗ್ಲ್ ಗಟ್ಟಿ ಕಟ್ಟ್," ಎಂದಳು ಅಮ್ಮ. "ಹೊರ್ಗ್ ಕಾಗಿ ಇತ್ತ್."