ಮುದ್ದಯ್ಯನ ಹೆಬ್ಬೆರಳು

"ಕೋವಿ ಅಂದ್ರೆ ಹುಂಜನಾ ಅಣ್ಣ, ಹೊತ್ತಾಯ್ತು ಅಂತ ತಾನಾಗೇ ಕೂಗೋಕೆ? ಯಾರೋ ಒಬ್ರು ಕೂಗಿಸಿರ್ಬೇಕು."

ನಯಾಜ್ ಪಾಷಾ ಹಾಗಂದು ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿದ. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ಹುಚ್ಚೀರಯ್ಯ, ಗೋಣಿಚೀಲದಲ್ಲಿ ಸುತ್ತಿ ತಂದಿದ್ದ ಒಂಟಿ ನಳಿಗೆಯ ಕೋವಿಯನ್ನು ಇನ್ನೂ ತೊಡೆಯ ಮೇಲೇ ಇಟ್ಟುಕೊಂಡಿದ್ದ. ಕೊಟ್ಟರೆ ಉತ್ತರ ಬಂದುಬಿಡುತ್ತದೆ ಎನ್ನುವ ಭಯ ಅವನಿಗೆ.

ಮಳವಳ್ಳಿ ಪೇಟೆಯ ಆ ಅಂಗಡಿಯ ಬೋರ್ಡಿನಲ್ಲಿ 'ಕೋವಿ ರಿಪೇರಿ' ಎಂಬ ಅಕ್ಷರಗಳು ಮಾಸಿಹೋಗಿದ್ದವು. ಒಳಗೆ ತುಂಬಿದ್ದದ್ದೆಲ್ಲ ಔಷಧಿ ಹೊಡೆಯುವ ಪಂಪುಗಳು, ಮಿಕ್ಸಿಗಳು. ಕೋವಿ ಬರುವುದು ತಿಂಗಳಿಗೊಂದು. ಬಂದ ದಿನ ಪಾಷಾ ಬಾಗಿಲ ಬಳಿಯ ಪಂಪುಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಮೇಜನ್ನು ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದ.

"ಮುತ್ತತ್ತಿರಾಯನಾಣೆಗೂ ನಾನು ಟ್ರಿಗರ್ ಮುಟ್ನಿಲ್ಲ ಸಾಬ್ರೆ. ನಳಿಗೆ ಬಾಗ್ಸಿ ತೋಟಾ ಇಟ್ಟು ಮುಚ್ದೆ, ಅಷ್ಟೇಯ. ಢಮ್ ಅಂತು."

"ಯಾರಿಗಾದ್ರೂ ಬಿತ್ತಾ?"

"ಕ್ಯಾರಿಯರ್‌ಗೆ ಬಿತ್ತು."

ಪಾಷಾ ನಕ್ಕುಬಿಟ್ಟ. ಹುಚ್ಚೀರಯ್ಯ ನಗಲಿಲ್ಲ. ಹಾಗಾಗಿ ಪಾಷಾನೂ ನಿಲ್ಲಿಸಿ, "ಸರಿಯಾಗಿ ಯೋಳಣ್ಣ" ಎಂದ.

ಹುಚ್ಚೀರಯ್ಯ ಹೇಳಿದ. ಹಲಗೂರಿನಿಂದ ಆಚೆ, ಕಾಡಿನ ಅಂಚಿಗೆ ಅವನದೂ ಮುದ್ದಯ್ಯನದೂ ಅಕ್ಕಪಕ್ಕದ ಹೊಲ. ಹಂದಿ ಕಾಯಲು ಇಬ್ಬರಿಗೂ ಒಂದೇ ಗುಡಿಸಲು, ಒಂದೇ ಕೋವಿ. ಲೈಸೆನ್ಸು ಹುಚ್ಚೀರಯ್ಯನದು. ಇಪ್ಪತ್ತು ವರ್ಷ ಹಾಗೇ ನಡೆಯಿತು. ಹೋದ ವರ್ಷ ರಾಗಿ ಕಾವಲಿನಲ್ಲಿ ಮುದ್ದಯ್ಯ ಗೊರಕೆ ಹೊಡೆದ, ಹಂದಿಗಳು ನುಗ್ಗಿ ಒಂದು ಪಟ್ಟೆ ಮೇಯ್ದು ಹೋದವು. ಹುಚ್ಚೀರಯ್ಯನ ಬಾಯಲ್ಲಿ ಒಂದು ಮಾತು ಬಂತು: "ನಿನ್ನ ಕಾವಲಿಗೆ ಮಡಗೋ ಬದ್ಲು ಒಂದು ಬೆರ್ಚಪ್ಪನ್ನ ನಿಲ್ಸಿದ್ರೆ ಆಯ್ತಿತ್ತು ಕಣ್ಲಾ. ಅದು ಗೊರ್ಕೆನಾದ್ರೂ ಒಡೀತಿರ್ನಿಲ್ಲ."

ನಾಲ್ಕು ದಿನ ಮುದ್ದಯ್ಯ ಗುಡಿಸಲ ಕಡೆ ಬರಲಿಲ್ಲ. ಐದನೆಯ ದಿನ ಸಂಜೆ ಬಂದ. ಕೈಯಲ್ಲಿ ಮೂರು ಡಬ್ಬಿಯ ಕ್ಯಾರಿಯರ್ರು, ಅದರಲ್ಲಿ ಮುದ್ದೆ, ಉಪ್ಸಾರು. ಅದು ರಾಜಿಗೆ ಬಂದ ಊಟ. ಅದೇ ಹೊತ್ತಿಗೆ ಹುಚ್ಚೀರಯ್ಯ ಗುಡಿಸಲ ಮುಂದೆ ಕೂತು ಕೋವಿಗೆ ತೋಟಾ ಹಾಕಿ ಮುಚ್ಚಿದ.

"ಮೂತಿ ನೆಲದ್ ಕಡೀಕೇ ಇತ್ತು ಸಾಬ್ರೆ. ಅವ್ನು ಕೆಳಗಿಂದ ದಿಣ್ಣೆ ಅತ್ಕಂಡು ಬತ್ತಿದ್ದ. ಕೆಳಗಿನ್ ಡಬ್ಬಿ ತೂತಾಯ್ತು. ಉಪ್ಸಾರು ಅವ್ನ ಕಾಲ್ ಮೇಲೆ ಸುರೀತು. ಅವ್ನು ಕಾಲು ನೋಡ್ಕಂಡ, ನನ್ನ ನೋಡ್ದ. 'ಅನ್ನ ತಂದೋನ್ ಮ್ಯಾಲೆ ಗುಂಡಾರಿಸ್ದೆಯೇನ್ಲಾ' ಅಂದ. ಅಷ್ಟೇ ಕೊನೆ."

ಒಂಬತ್ತು ತಿಂಗಳಾಗಿತ್ತು. ಮುದ್ದಯ್ಯ ಯಾರಲ್ಲೂ ದೂರು ಹೇಳಲಿಲ್ಲ, ಜಗಳವಾಡಲಿಲ್ಲ. ತನ್ನ ಪಾಲಿನ ಸೋಗೆ, ಗಳುಗಳನ್ನು ಬಿಚ್ಚಿಕೊಂಡು ಹೊಲದ ಆಚೆ ಮೂಲೆಯಲ್ಲಿ ಬೇರೆ ಗುಡಿಸಲು ಹಾಕಿಕೊಂಡ. ಹುಚ್ಚೀರಯ್ಯನಿಗೆ ಉಳಿದದ್ದು ಅರ್ಧ ಚಾವಣಿ, ಮಾತಾಡದ ರಾತ್ರಿಗಳು. ಒಬ್ಬನೇ ಬೀಡಿ ಹಚ್ಚಿದಾಗಲೂ ಅರ್ಧ ಸೇದಿ, ಉಳಿದರ್ಧವನ್ನು ಪಕ್ಕಕ್ಕೆ ಚಾಚಿಬಿಡುತ್ತಿದ್ದ.

"ನನ್ ಬೆರಳು ನೋಡ್ಕಂಡು ನೋಡ್ಕಂಡು ನಂಗೇ ಅನುಮಾನ ಬಂದ್ಬುಟ್ಟದೆ" ಎಂದು ಕೋವಿಯನ್ನು ಕೊನೆಗೂ ಮೇಜಿನ ಮೇಲಿಟ್ಟ. "ಸಿಟ್ಟಂತೂ ಇತ್ತು. ಬೆರಳು ನಂಗೆ ಗೊತ್ತಿಲ್ದಂಗೆ ಓಯ್ತಾ? ಅದೊಂದು ಯೋಳ್ಬುಡಿ. ಆಮೇಲೆ ಕೋವಿನ ಠಾಣೆಗೇ ಕೊಟ್ಬುಡ್ತೀನಿ."

ಪಾಷಾ ಕೋವಿಯನ್ನು ಕೈಗೆತ್ತಿಕೊಂಡ. ನಳಿಗೆ ಖಾಲಿಯೇ ಎಂದು ಎರಡು ಸಲ ನೋಡಿದ, ಬೆರಳು ತೂರಿಸಿಯೂ ನೋಡಿದ. ಟ್ರಿಗರಿಗೆ ತಂತಿ ಕಟ್ಟಿ ಕಲ್ಲು ತೂಗಿಬಿಟ್ಟ. ಅಷ್ಟು ಭಾರಕ್ಕೂ ಅದು ಜಗ್ಗಲಿಲ್ಲ. ಹಿಡಿಯನ್ನು ರಬ್ಬರ್ ಚಾಪೆಯ ಮೇಲೆ ಕುಕ್ಕಿದ, ಪಕ್ಕೆಗೆ ಮರದ ಸುತ್ತಿಗೆಯಿಂದ ತಟ್ಟಿದ. ಒಳಗೆ ತೋಟಾದ ತಳಕ್ಕೆ ಬಡಿಯುವ ಮುಳ್ಳು ಕಚ್ಚಿಕೊಂಡಿದೆಯೇ ಎಂದು ಬಿಚ್ಚಿ ನೋಡಿದ. ಅದು ತೊಳೆದಿಟ್ಟ ಸೂಜಿಯಂತೆ ಸಲೀಸಾಗಿ ಹಿಂದೆ ಮುಂದೆ ಆಡಿತು. ಒಂದೊಂದು ಪರೀಕ್ಷೆ ಮುಗಿದಾಗಲೂ "ಇದು ಚೆನ್ನಾಗೈತೆ" ಅನ್ನುತ್ತಿದ್ದ. ಒಂದೊಂದು ಸಲ ಅಂದಾಗಲೂ ಹುಚ್ಚೀರಯ್ಯ ಸ್ಟೂಲಿನ ಮೇಲೆ ಇನ್ನಷ್ಟು ಕುಗ್ಗುತ್ತಿದ್ದ. ಕೋವಿ ಚೆನ್ನಾಗಿದ್ದಷ್ಟೂ ಬೆರಳು ಕೆಟ್ಟದ್ದಾಗುತ್ತಿತ್ತು.

"ಕೋವಿಲಿ ಏನೂ ಇಲ್ಲ" ಎಂದ ಪಾಷಾ.

"ಅಂಗಾರೆ ನಾನೇಯಾ."

"ತಡೀರಿ ತಡೀರಿ. ತೋಟಾ ಯಾವ್ದು?"

ಹುಚ್ಚೀರಯ್ಯ ಅಡಿಕೆ ಚೀಲ ಬಿಚ್ಚಿ ಮೂರು ತೋಟಾ ತೆಗೆದ. ಅವತ್ತು ಉಳಿದವು. ಅಂಗಡಿಯ ತೋಟಾ ಅಲ್ಲ. ಹೊಡೆದ ಖಾಲಿ ಕೊಳವೆಯ ತಳಕ್ಕೆ ಹೊಸ ಕೇಪು, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ, ಕೂರಿಸಿ, ಮನೆಯಲ್ಲೇ ಮದ್ದು ತುಂಬಿದ್ದು.

"ಯಾ ಅಲ್ಲಾ! ಇದೇನ್ ಅವರೆಕಾಳಾ, ಮನೇಲಿ ಕೂತು ತುಂಬೋಕೆ? ಕಣ್ಣು ಓದ್ರೆ ಏನ್ಮಾಡ್ತಿದ್ರಿ?" ಪಾಷಾ ಬೈಯುತ್ತಲೇ ಒಂದನ್ನು ಉಕ್ಕಿನ ಚಪ್ಪಟೆ ತಟ್ಟೆಯ ಮೇಲೆ ಮೆಲ್ಲಗೆ ನೆಟ್ಟಗೆ ನಿಲ್ಲಿಸಿದ. ಅದು ನೆಟ್ಟಗೆ ನಿಲ್ಲಲಿಲ್ಲ. ತಳ ಉಬ್ಬಿದ ಹಳೇ ತಪ್ಪಲೆಯ ಹಾಗೆ ಅತ್ತಿತ್ತ ವಾಲಾಡಿತು. ಎರಡನೆಯದು ನಿಂತಿತು. ಮೂರನೆಯದು ಮತ್ತೆ ವಾಲಾಡಿತು.

ಪಾಷಾ ಅದನ್ನು ಎತ್ತಿ ತಳ ತೋರಿಸಿದ.

"ನೋಡಿ, ಕೇಪು ಪೂರ್ತಿ ಕೂತಿಲ್ಲ. ತಳಕ್ಕಿಂತ ಒಂದು ಎಳೆ ಉಬ್ಬೈತೆ. ನೀವು ಕೋವಿ ಮುಚ್ಚಿದ್ರಲ್ಲ, ಹಿಂದಿನ ಉಕ್ಕಿಗೆ ಕೇಪೇ ಓಗಿ ಬಡೀತು. ಟ್ರಿಗರು ಬ್ಯಾಡ, ಬೆರಳೂ ಬ್ಯಾಡ."

ಹುಚ್ಚೀರಯ್ಯನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬಲಗೈ ಹೆಬ್ಬೆರಳನ್ನು ಎಡಗೈಯಲ್ಲಿ ಮುಚ್ಚಿಕೊಂಡ.

"ಇಪ್ಪತ್ತು ವರ್ಷದಲ್ಲಿ ಒಂದ್ಸಲಾನೂ ಇಂಗಾಗಿರ್ನಿಲ್ವಲ್ಲಣ್ಣ. ಯಾರು ನೋಡ್ತಿದ್ರು ಇದನ್ನ?" ಎಂದ ಪಾಷಾ.

"ಮುದ್ದ."

ಹದಿನೆಂಟು ವರ್ಷದವನಿದ್ದಾಗ ಹುಚ್ಚೀರಯ್ಯ ಆಲೆಮನೆಯಲ್ಲಿ ಕೆಲಸಕ್ಕಿದ್ದ. ಕುದಿಯುವ ಪಾಕ ಚೆಲ್ಲಿ ಅವನ ಬೆರಳುಗಳ ತುದಿ ಸತ್ತುಹೋಗಿತ್ತು. ಮುಳ್ಳು ಚುಚ್ಚಿದರೂ ತಿಳಿಯದು. ಅದಕ್ಕೇ ಇವನು ತುಂಬುವುದು, ಅವನು ಸವರುವುದು. ಮುದ್ದಯ್ಯ ಒಂದೊಂದು ತೋಟಾದ ತಳವನ್ನೂ ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಸವರಿ, "ಇದು ಉಬ್ಬದೆ, ಬ್ಯಾಡ" ಎಂದು ಎತ್ತಿಡುತ್ತಿದ್ದ. ಆ ನಾಲ್ಕು ದಿನ ಸವರುವವನಿರಲಿಲ್ಲ. ಹುಚ್ಚೀರಯ್ಯ ಸಿಟ್ಟಿನಲ್ಲಿ, ನೀನಿಲ್ಲದಿದ್ದರೆ ಏನು ಎಂದು, ತಾನೇ ತುಂಬಿ ಚೀಲಕ್ಕೆ ಹಾಕಿಕೊಂಡಿದ್ದ.

"ನಂಬರ್ ಕೊಡಿ ಅವ್ರುದು" ಎಂದ ಪಾಷಾ.

"ನನ್ ಪೋನು ಎತ್ತಾಕಿಲ್ಲ."

"ನಂದು ಎತ್ತಾರೆ."

ಎತ್ತಿದ. ಸ್ಪೀಕರಿನಲ್ಲಿ ಮುದ್ದಯ್ಯನ ದನಿ ಅಂಗಡಿಯ ತುಂಬ ಬಂತು. "ಯಾರು?" ಎಂಬ ಆ ಒಂದು ಮಾತಿಗೇ ಹುಚ್ಚೀರಯ್ಯ ಎದ್ದು ನಿಂತುಬಿಟ್ಟ. ಪಾಷಾ ತಾನು ಯಾರೆಂದು ಹೇಳಿದ. ತೋಟಾ ವಾಲಾಡಿದ್ದು, ಕೇಪು ಉಬ್ಬಿದ್ದು, ಎಲ್ಲ ಹೇಳಿದ. ಗಾಳಿಯ ಸದ್ದಿನ ನಡುವೆ ಮುದ್ದಯ್ಯ ಕೇಳಿದ.

"ಸವರಿ ನೋಡ್ನಿಲ್ವಾ ಅವ್ನು?"

"ಅವ್ರ ಬೆರಳಿಗೆ ಗೊತ್ತಾಗಲ್ವಂತಲ್ಲಣ್ಣ."

"ಗೊತ್ತು ಕಣ್ರೀ, ನಂಗೆ ಗೊತ್ತಿಲ್ವಾ? ನಾನಿಲ್ದೆ ಇದ್ಯಾಕ್ ಬೇಕಿತ್ತು ಆ ಮುಂಡೇಮಗಂಗೆ!"

ಹುಚ್ಚೀರಯ್ಯ ಫೋನಿನ ಕಡೆ ಬಗ್ಗಿ, "ಲೇ ಮುದ್ದಾ" ಎಂದ.

ಆ ಕಡೆಯಿಂದ ಬಂದ ಮಾತು ಪಾಷಾನಿಗೆ.

"ಸಾಬ್ರೆ, ಉಳಿದಿರೋ ತೋಟಾವ ಅವ್ನ ಕೈಗೆ ಕೊಟ್ಗಿಟ್ಟೀರಿ. ನೀವೇ ಮಡೀಕಳಿ."

ಫೋನು ಕಟ್ಟಾಯಿತು.

ಪಾಷಾ ತೋಟಾಗಳನ್ನು ವಾಪಸು ಕೊಡಲಿಲ್ಲ.

ಸಂಜೆಯ ಬಸ್ಸಿಗೆ ಹಲಗೂರಿನಲ್ಲಿ ಇಳಿದು, ಹೊಲದ ದಾರಿ ಹಿಡಿದಾಗ ಹೊತ್ತು ಮುಳುಗುತ್ತಿತ್ತು. ಹುಚ್ಚೀರಯ್ಯ ಕೋವಿಯನ್ನು ಗೋಣಿಚೀಲದಿಂದ ತೆಗೆಯಲೇ ಇಲ್ಲ. ಹಾಗೇ ಅರ್ಧ ಚಾವಣಿಯ ಮೂಲೆಗೆ ಒರಗಿಸಿ, ಹಳೇ ಎಣ್ಣೆ ಡಬ್ಬವೊಂದನ್ನು ಹುಡುಕಿ ತಂದ. ಕಡಲೆಕಾಯಿ ಸಾಲುಗಳ ಆಚೆ, ಮುದ್ದಯ್ಯನ ಗುಡಿಸಲು ಒಂದು ಕಪ್ಪು ಚುಕ್ಕೆಯ ಹಾಗಿತ್ತು. ದೀಪವಿರಲಿಲ್ಲ. ಕಾಡಿನ ಅಂಚಲ್ಲಿ ಪೊದೆ ಅಲುಗಿದಂತಾಯಿತು. ಡಬ್ಬಕ್ಕೆ ಕೋಲಿನಿಂದ ಮೂರು ಪೆಟ್ಟು ಹಾಕಿದ. ಸದ್ದು ಹೊಲದ ಮೇಲೆ ಹೋಗಿ ಎಲ್ಲೋ ಅಡಗಿತು.

ಬೀಡಿ ಹಚ್ಚಿದ. ಅರ್ಧ ಸೇದಿದ.

ಆಗ ಆಚೆ ಮೂಲೆಯಿಂದ ಮೂರು ಪೆಟ್ಟು ಕೇಳಿಸಿತು. ಹಂದಿಗೋ, ಯಾರಿಗೋ. ಡಬ್ಬದ ಸದ್ದಲ್ಲ ಅದು. ತೂತು ಬಿದ್ದ ಊಟದ ಕ್ಯಾರಿಯರ್ರಿನ ಒಡಕು ಸದ್ದು.