ಮೀಸೆ ಇಲ್ಲದ ದನಿ

ಡಬ್ಲಿನ್ನಿನ ಬ್ಲಾಂಚರ್ಡ್ಸ್‌ಟೌನ್‌ನ ಜಾವೇದನ ಮನೆಯಲ್ಲಿ ಆ ಭಾನುವಾರ ಬಿರಿಯಾನಿಗಿಂತ ಮೊದಲು ಬಿಸಿಯೇರಿದ್ದು ಮಾತು. ಅವನ ಕಂಪನಿ ಕೀನ್ಯಾದ ಬಸುರಿ ಬಾಣಂತಿಯರಿಗಾಗಿ ಒಂದು ಸಹಾಯವಾಣಿ ಕಟ್ಟಿತ್ತು. ಫೋನ್ ಎತ್ತುವುದು ಮನುಷ್ಯರಲ್ಲ, ಎಐ. ಸ್ವಾಹಿಲಿಯಲ್ಲಿ ತೊಂದರೆ ಹೇಳಿಕೊಂಡರೆ ದಾರಿ ಹೇಳುತ್ತದೆ, ತುರ್ತಾದರೆ ಆಂಬುಲೆನ್ಸ್ ಕರೆಸುತ್ತದೆ. ಸೋಮವಾರ ಜಾವೇದ್ 'ಓಕೆ' ಅಂದರೆ ಸಾಕು, ಶುರು.

"ಪಕ್ಕದ್ಮನೆ ಅಚಿಯೆಂಗ್‌ಗೆ ಒಂದ್ಸಲ ತೋರ್ಸಿ," ಎಂದಳು ಹೆಂಡತಿ ಇಸ್ಮತ್. "ಕೀನ್ಯಾದವ್ಳು, ಹೆರಿಗೆ ವಾರ್ಡಿನ ನರ್ಸು. ಊರಲ್ಲಿ ಅವಳ ತಂಗೀಗೆ ದಿನ ತುಂಬ್ತಾ ಬಂತು. ನಿಮ್ಮ ನಂಬರ್ನೇ ನಂಬ್ಕೊಂಡಿದಾಳೆ."

"ಎಲ್ಲಾ ಟೆಸ್ಟ್ ಆಗೈತೆ ಕಣೆ. ಗ್ರ್ಯಾಂಡ್ ಆಗೈತೆ!"

'ಚೆನ್ನಾಗಿದೆ' ಅನ್ನುವುದಕ್ಕೆಲ್ಲ ಡಬ್ಲಿನ್ನಿನವರು ಗ್ರ್ಯಾಂಡ್ ಅನ್ನುತ್ತಾರೆ; ಇಲ್ಲಿಗೆ ಬಂದ ಮೇಲೆ ಜಾವೇದನಿಗೆ ಹಾಳಾದದ್ದೂ ಗ್ರ್ಯಾಂಡೇ.

ಆದರೂ ಅಚಿಯೆಂಗ್ ಬಂದಳು. ಪರೀಕ್ಷೆಯ ನಂಬರಿಗೆ ಕರೆ ಮಾಡಿ, ತಂಗಿಯ ಹಾಗೆಯೇ ಮೆಲುದನಿಯಲ್ಲಿ ಸ್ವಾಹಿಲಿಯಲ್ಲಿ ಹೇಳಿದಳು: ರಕ್ತ ಹೋಗುತ್ತಿದೆ, ತಲೆ ಸುತ್ತುತ್ತಿದೆ.

"ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ," ಎಂದಿತು ಯಂತ್ರ. ಹೇಳಿದಳು. ಮತ್ತೆ ಅದೇ ಪಾಠ.

"ನೆಟ್‌ವರ್ಕ್ ಸರಿಯಿಲ್ಲ ಅನ್ಸತ್ತೆ," ಎಂದ ಜಾವೇದ್.

ಅಚಿಯೆಂಗ್ ಕಣ್ಣು ಮಿಟುಕಿಸಿದಳು. ಎದೆಯುಬ್ಬಿಸಿ, ಊರಿನ ಮಾವನ ಗೊಗ್ಗರು ದನಿ ತೆಗೆದು ಅದೇ ಮಾತನ್ನು ಗುಡುಗಿದಳು. ಯಂತ್ರ ಎದ್ದು ನಿಂತ ಹಾಗೆ ಉತ್ತರಿಸಿತು: "ಆಂಬುಲೆನ್ಸ್ ಹೊರಟಿದೆ!"

ಇಸ್ಮತ್ ಬಿದ್ದು ಬಿದ್ದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ನೋವು ತಿನ್ನೋಳು ಮೀಸೆ ಅಂಟಿಸ್ಕೊಂಡು ಫೋನ್ ಮಾಡ್ಬೇಕೇನ್ರೀ? ಯಾರ ದನಿ ಕೇಳ್ಸಿ ಕಲ್ಸಿದ್ರಿ ಇದಕ್ಕೆ?"

"ಊರೂರಲ್ಲಿ ಫೋನ್ ಇಟ್ಕೊಂಡೋರ್ನ ಕರೆದು ರೆಕಾರ್ಡ್ ಮಾಡಿದ್ವಿ..." ಎಂದ ಜಾವೇದ್, ಅಚಿಯೆಂಗ್‌ಗೂ ತಿಳಿಯಲೆಂದು ಇಂಗ್ಲಿಷಿಗೆ ಹೊರಳಿ.

"ನಮ್ಮೂರಲ್ಲಿ ಫೋನ್ ಇರೋದು ಗಂಡನ ಜೇಬಲ್ಲಿ," ಅಚಿಯೆಂಗ್ ಇಂಗ್ಲಿಷಿನಲ್ಲಿ ತಡೆದಳು. "ಹೆರೋದು ಅವನಲ್ಲವಲ್ಲ, ಜಾವೇದ್!"

"ಹುಬ್ಬಳ್ಳೀಲಿ ನಮ್ಮಮ್ಮಿ ಹತ್ರ ಮಾತಾಡೋಕೆ ನಾನು ಇವತ್ತಿಗೂ ಅಬ್ಬಾ ನಂಬರ್ಗೇ ಮಾಡೋದು," ಎಂದಳು ಇಸ್ಮತ್. "ಮರ್ತೋಯ್ತಾ?"

ಜಾವೇದ್ ತಲೆ ಕೆರೆದುಕೊಂಡ. "ತಡ ಆದ್ರೆ ಬಾಸ್ ಬಯ್ತಾನೆ."

"ಬೈಸ್ಕೊಂಡ್ರೆ ರಕ್ತ ಹೋಗಲ್ಲ ರೀ."

ಸೋಮವಾರ ಜಾವೇದ್ ಓಕೆ ಅನ್ನಲಿಲ್ಲ. ಕಂಪನಿ ಕೂಗಾಡಿತು, ಆಮೇಲೆ ಒಪ್ಪಿತು. ಅಚಿಯೆಂಗಳ ಊರಿನ ಹೆಂಗಸರು ಸಂಬಳ ಪಡೆದು ಯಂತ್ರಕ್ಕೆ ತಮ್ಮ ಮಾತು ಕಲಿಸಿದರು. ಪರೀಕ್ಷೆಯ ತಂಡಕ್ಕೆ ಅಚಿಯೆಂಗೇ ಯಜಮಾನಿ. ಅಷ್ಟರಲ್ಲಿ ತಂಗಿಯ ಹೆರಿಗೆ ಸುಸೂತ್ರವಾಗಿತ್ತು. ಸಹಾಯವಾಣಿ ಶುರುವಾದ ದಿನ ಆಕೆ ಗಂಡನ ಫೋನ್ ಇಸಿದುಕೊಂಡು, ಮಡಿಲಲ್ಲಿನ ಕೂಸಿನ ಅಳುವಿನ ನಡುವೆಯೇ ಮೆಲ್ಲಗೆ ಹೇಳಿದಳು: ಮಗುವಿಗೆ ಜ್ವರ. ಯಂತ್ರ ಮೊದಲ ಸಲಕ್ಕೇ ಓಗೊಟ್ಟಿತು.

ಅಕ್ಕಂದಿರೇ, ಅಣ್ಣಂದಿರೇ, ಡಬ್ಲಿನ್ನಿನ ಆಡಮ್ಸ್‌ಟೌನಿನಿಂದ ಕ್ಯಾಸಲ್‌ನಾಕಿನವರೆಗೆ ನಮ್ಮವರು ಎಷ್ಟೋ ಮಂದಿ ಇಂಥ ಯಂತ್ರಗಳ ಕೆಲಸದಲ್ಲಿದ್ದೀರಿ. ಆಫ್ರಿಕಾಕ್ಕೋ ಅರಸೀಕೆರೆಗೋ ನಿಮ್ಮ ಎಐ ಹೊರಟು ನಿಂತಾಗ ಕೇಳಿ: ಇದನ್ನು ಬಳಸುವ ಹೆಂಗಸು ಇದಕ್ಕೆ ಕಲಿಸಿದ್ದಾಳಾ? ಪರೀಕ್ಷಿಸಿದ್ದಾಳಾ? ಸರಿಯಿಲ್ಲ ಅಂದರೆ ಅವಳ ಮಾತು ನಡೆಯುತ್ತದಾ?

ಅಲ್ಲಿಯವರೆಗೆ ದಯವಿಟ್ಟು ಗ್ರ್ಯಾಂಡ್ ಅನ್ನಬೇಡಿ.